ಸೌದಿಯಲ್ಲಿ ನಿಯಮ ಎಲ್ಲಿಂದ ಬರುತ್ತದೆ? ದಾವಣಗೆರೆಯಿಂದ ಹೊರಟವರಿಗೆ

ಬೇಸಿಗೆ ಬೆಳೆಗೆ ಭದ್ರಾ ನಾಲೆಯಲ್ಲಿ ನೀರು ಬಿಡುವ ವಿಚಾರ ಬಂದರೆ ದಾವಣಗೆರೆಯಲ್ಲಿ ಏನೇನಾಗುತ್ತದೆ ಅಂತ ನಮಗೆಲ್ಲ ಗೊತ್ತು. ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ. ಕೊನೆ ಭಾಗದ ರೈತರು ರಸ್ತೆಗೆ ಇಳಿಯುತ್ತಾರೆ. ಶಾಸಕರಿಗೆ ಮನವಿ ಹೋಗುತ್ತದೆ, ಪೇಪರಿನಲ್ಲಿ ಬರುತ್ತದೆ. ಕೊನೆಗೆ ಆಗುವ ತೀರ್ಮಾನ ನಮಗೆ ಒಪ್ಪಿಗೆಯೋ ಇಲ್ಲವೋ, ಏನೋ ಆಗುತ್ತಿದೆ ಅನ್ನುವುದಂತೂ ಊರಿಗೆಲ್ಲ ಮೊದಲೇ ಗೊತ್ತಿರುತ್ತದೆ.

ಸೌದಿ ಅರೇಬಿಯಾದಲ್ಲಿ ಈ ಗದ್ದಲ ಇಲ್ಲ. ರಾತ್ರಿ ಮಲಗುವಾಗ ಇಲ್ಲದ ನಿಯಮ ಬೆಳಿಗ್ಗೆ ಮೊಬೈಲಿನಲ್ಲಿ ಇದೆ ಅನ್ನಿಸುತ್ತದೆ. ನಾನು ಅಲ್ಲಿನ ಕೈಗಾರಿಕಾ ಊರು ಜುಬೈಲಿನಲ್ಲಿ ಹನ್ನೊಂದು ವರ್ಷ ದುಡಿದು ಬಂದವನು. ಈಗ ನಿಟ್ಟುವಳ್ಳಿಯ ನಮ್ಮ ಮನೆಗೆ ಆಫರ್ ಲೆಟರ್ ಹಿಡಿದು ಬರುವ ಹುಡುಗರು ಸಂಬಳ, ರೂಮು, ಊಟ ಇಷ್ಟನ್ನೇ ಕೇಳುತ್ತಾರೆ. ಆ ಸರ್ಕಾರ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಹೇಗೆ ತೀರ್ಮಾನಿಸುತ್ತದೆ ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ನಮ್ಮ ಸಂಸಾರದ ಲೆಕ್ಕ ತಪ್ಪಿದ್ದು ಅಲ್ಲೇ.

2017ರ ಜುಲೈಯಿಂದ ಕುಟುಂಬ ಕರೆದುಕೊಂಡು ಹೋದ ವಿದೇಶಿ ನೌಕರರ ಮೇಲೆ ಒಂದು ಶುಲ್ಕ ಬಂತು. ಹೆಂಡತಿ, ಮಕ್ಕಳು ಅಂತ ತಲೆಗೆ ತಿಂಗಳಿಗೆ 100 ರಿಯಾಲ್. ವರ್ಷ ವರ್ಷ 100 ಜಾಸ್ತಿ ಆಗುತ್ತಾ 2020ಕ್ಕೆ 400. ಇಕಾಮಾ, ಅಂದರೆ ಅಲ್ಲಿ ವಾಸ ಮಾಡುವ ಪರವಾನಗಿ, ನವೀಕರಿಸುವಾಗ ಮುಂಗಡವಾಗಿ ಕಟ್ಟಬೇಕು. ನಮ್ಮ ಮನೆಯಲ್ಲಿ ಮೂರು ತಲೆ. ಮೊದಲ ವರ್ಷ 3,600 ರಿಯಾಲ್, ನಾಲ್ಕನೆಯ ವರ್ಷಕ್ಕೆ 14,400. ಕಂಪನಿಯವರು ಇದು ನಿನ್ನ ಸ್ವಂತ ಖರ್ಚು ಅಂದರು. 2018ರಲ್ಲಿ ಮಕ್ಕಳ ಪರೀಕ್ಷೆ ಮುಗಿದ ಮೇಲೆ ಮೂವರನ್ನೂ ಊರಿಗೆ ಕಳಿಸಿದೆ. ಆ ಬೇಸಿಗೆ ನಮ್ಮ ಬಿಲ್ಡಿಂಗಿನಲ್ಲಿ ಮಕ್ಕಳ ಸದ್ದೇ ಕಡಿಮೆಯಾಯಿತು. ಬಾಲ್ಕನಿಗಳಲ್ಲಿ ಒಣಗುತ್ತಿದ್ದ ಸ್ಕೂಲ್ ಯೂನಿಫಾರ್ಮ್‌ಗಳು ಕಾಣಲಿಲ್ಲ.

ಎಷ್ಟೋ ತಿಂಗಳ ಮೇಲೆ ನನಗೆ ಒಂದು ವಿಷಯ ತಿಳಿಯಿತು. ಆ ಶುಲ್ಕ ದಿಢೀರನೆ ಬಂದದ್ದಲ್ಲ. 2016ರ ಡಿಸೆಂಬರಿನಲ್ಲಿ ಬಜೆಟ್ ಜೊತೆ ಸರ್ಕಾರ ಒಂದು ಹಣಕಾಸು ಸಮತೋಲನ ಕಾರ್ಯಕ್ರಮ ಪ್ರಕಟಿಸಿತ್ತು. ಯಾವ ವರ್ಷ ಎಷ್ಟು ರಿಯಾಲ್ ಅಂತ ಅದರಲ್ಲೇ ಬರೆದಿತ್ತು. ಇಂಗ್ಲಿಷಿನಲ್ಲೂ ಸಿಗುತ್ತಿತ್ತು. ಆರು ತಿಂಗಳು ಟೈಮ್ ಇತ್ತು, ನಾವು ಓದಲಿಲ್ಲ. ಈ ಬರಹ ಬರೆಯುತ್ತಿರುವುದೇ ಅದಕ್ಕೆ.

ಆ ದಾಖಲೆ ಹುಟ್ಟಿದ್ದು ಎಣ್ಣೆ ಬೆಲೆಯಿಂದ. 2014ರ ಮಧ್ಯದಲ್ಲಿ ಬ್ಯಾರಲ್‌ಗೆ 100 ಡಾಲರ್ ದಾಟಿದ್ದ ಕಚ್ಚಾ ತೈಲ 2016ರ ಶುರುವಿನಲ್ಲಿ 30ಕ್ಕಿಂತ ಕೆಳಗೆ ಬಿತ್ತು. 2015ರ ಬಜೆಟ್ ಕೊರತೆ ಸುಮಾರು 36,700 ಕೋಟಿ ರಿಯಾಲ್ ಅಂತ ಸರ್ಕಾರವೇ ಹೇಳಿತು. ಅದೇ ವರ್ಷ ಜನವರಿಯಲ್ಲಿ ರಾಜ ಸಲ್ಮಾನ್ ಹಳೆಯ ಹಲವು ಸಮಿತಿಗಳನ್ನು ಮುಚ್ಚಿ ಎರಡೇ ಮಂಡಳಿ ಮಾಡಿದ್ದರು. ಒಂದು ಭದ್ರತೆಗೆ, ಇನ್ನೊಂದು ಆರ್ಥಿಕತೆ ಮತ್ತು ಅಭಿವೃದ್ಧಿಗೆ. ಎರಡನೆಯದಕ್ಕೆ ರಾಜನ ಮಗ ಮೊಹಮ್ಮದ್ ಬಿನ್ ಸಲ್ಮಾನ್ ಅಧ್ಯಕ್ಷರು. 2016ರ ಏಪ್ರಿಲ್‌ನಲ್ಲಿ ವಿಷನ್ 2030 ಅನ್ನುವ ದೇಶದ ದೊಡ್ಡ ಯೋಜನೆ ಬಂದದ್ದು ಈ ಮಂಡಳಿಯಿಂದ. ಮೊಹಮ್ಮದ್ 2017ರಲ್ಲಿ ಯುವರಾಜ, 2022ರಲ್ಲಿ ಪ್ರಧಾನಿ ಆದರು. ಶೂರಾ ಕೌನ್ಸಿಲ್ ಅಂತ 150 ಸದಸ್ಯರ ಸಭೆ ಇದೆ. ಅವರನ್ನು ನೇಮಿಸುವುದು ರಾಜ. ಅವರು ಸಲಹೆ ಕೊಡಬಹುದು, ಕೊನೆಯ ಮಾತು ಅವರದ್ದಲ್ಲ.

ಹಾಗಾದರೆ ಅಲ್ಲಿನ ಸರ್ಕಾರ ಯಾರ ಮಾತೂ ಕೇಳುವುದಿಲ್ಲವಾ? ಕೇಳುತ್ತದೆ. ಓಟು ಇಲ್ಲದ ಸರ್ಕಾರಕ್ಕೂ ಜನರ ಮುನಿಸಿನ ಭಯ ಇರುತ್ತದೆ. 2016ರ ಸೆಪ್ಟೆಂಬರಿನಲ್ಲಿ ಸರ್ಕಾರಿ ನೌಕರರ ಭತ್ಯೆ ಕಡಿತ ಮಾಡಿದರು. 2017ರ ಏಪ್ರಿಲ್‌ನಲ್ಲಿ ವಾಪಸ್ ಕೊಟ್ಟರು. 2018ರ ಜನವರಿ 1ಕ್ಕೆ ಶೇ 5 ವ್ಯಾಟ್ ಬಂತು, ಪೆಟ್ರೋಲ್ ಬೆಲೆಯೂ ಏರಿತು. ವಾರ ಕಳೆಯುವುದರೊಳಗೆ ಸರ್ಕಾರಿ ನೌಕರರಿಗೆ ತಿಂಗಳಿಗೆ 1,000 ರಿಯಾಲ್ ತುಟ್ಟಿಭತ್ಯೆ ಕೊಡುವ ರಾಜನ ಆದೇಶ ಹೊರಬಿತ್ತು. ಅದೇ ವ್ಯಾಟ್ ನಾವೂ ಕಟ್ಟಿದೆವು, ಅದೇ ಪೆಟ್ರೋಲ್ ಹಾಕಿಸಿದೆವು. ಭತ್ಯೆ ಮಾತ್ರ ಅವರ ಪ್ರಜೆಗಳಿಗೆ.

ಇದನ್ನು ನಾನು ಆ ದೇಶದ ಮೇಲಿನ ಸಿಟ್ಟಿನಿಂದ ಹೇಳುತ್ತಿಲ್ಲ. ನನ್ನ ಮನೆ ಕಟ್ಟಿಸಿದ್ದು ಅಲ್ಲಿನ ದುಡ್ಡೇ. ಆದರೆ ಯಾರ ಅಸಮಾಧಾನ ಲೆಕ್ಕಕ್ಕೆ ಬರುತ್ತದೆ ಅಂತ ತಿಳಿದಿರಬೇಕು. 2022ರ ಜನಗಣತಿ ಪ್ರಕಾರ ಅಲ್ಲಿ 3.22 ಕೋಟಿ ಜನ. ಅದರಲ್ಲಿ ಶೇ 41ಕ್ಕಿಂತ ಜಾಸ್ತಿ ಹೊರಗಿನವರು. ಸೌದಿ ಪ್ರಜೆಗಳಲ್ಲಿ ಶೇ 63 ಜನ 30 ವರ್ಷದ ಒಳಗಿನವರು. ಅಷ್ಟು ಹುಡುಗ ಹುಡುಗಿಯರಿಗೆ ಕೆಲಸ ಕೊಡುವುದೇ ಸರ್ಕಾರಕ್ಕೆ ಮುಖ್ಯ. ಆ ಕೆಲಸಗಳಲ್ಲಿ ಎಷ್ಟೋ ಈಗ ನಮ್ಮಂಥವರ ಕೈಯಲ್ಲಿವೆ.

ಅದಕ್ಕೇ ನಿತಾಕತ್. 2011ರಿಂದ ಇದೆ. ಎಷ್ಟು ಸೌದಿಗಳನ್ನು ಇಟ್ಟುಕೊಂಡಿದ್ದೀರಿ ಅಂತ ನೋಡಿ ಪ್ರತಿ ಕಂಪನಿಗೂ ಒಂದು ಬಣ್ಣ ಕೊಡುತ್ತಾರೆ. ಕೆಂಪು ಬಂದ ಕಂಪನಿಗೆ ಹೊಸ ವೀಸಾ ಸಿಗುವುದಿಲ್ಲ, ಇರುವವರ ಕೆಲಸದ ಪರವಾನಗಿ ನವೀಕರಣಕ್ಕೂ ತೊಂದರೆ. ಸಂಬಳ ಎಷ್ಟು ಅಂತ ಕೇಳುವ ಮೊದಲು ಕಂಪನಿ ಯಾವ ಬಣ್ಣದಲ್ಲಿದೆ ಅಂತ ಕೇಳಿ. ಏಜೆಂಟ್ ತಡವರಿಸಿದರೆ ಸುಮ್ನೆ ಎದ್ದು ಬನ್ನಿ. ಯಾವ ಹುದ್ದೆಗಳನ್ನು ಸೌದಿಗಳಿಗೆ ಮೀಸಲಿಡುತ್ತಿದ್ದಾರೆ ಅಂತಲೂ ನೋಡಿಕೊಳ್ಳಿ. 2018ರ ಸೆಪ್ಟೆಂಬರಿನಿಂದ ಅಂಗಡಿ ವ್ಯಾಪಾರದ ಹನ್ನೆರಡು ಬಗೆಗಳಿಗೆ ಈ ನಿಯಮ ಹಂತಹಂತವಾಗಿ ಬಂತು. ಆಮೇಲೆ ಎಂಜಿನಿಯರ್, ಫಾರ್ಮಸಿಸ್ಟ್, ದಂತವೈದ್ಯರ ಸರದಿ. ನಮ್ಮ ಊರಿನ ಕಾಲೇಜುಗಳಿಂದ ಹೊರಬರುವವರು ಜಾಸ್ತಿ ಹುಡುಕುವುದು ಇವೇ ಕೆಲಸಗಳನ್ನು, ಅಲ್ವಾ?

ಸರ್ಕಾರಕ್ಕೆ ಬೇಕಾದ ಕಡೆ ಅದೇ ಕೈ ಸಡಿಲವಾಗುತ್ತದೆ. ವಿದೇಶಿ ನೌಕರರ ತಲೆಗೆ ಕಂಪನಿ ಕಟ್ಟುವ ಶುಲ್ಕ 2020ಕ್ಕೆ ತಿಂಗಳಿಗೆ 700, 800 ರಿಯಾಲ್ ಮುಟ್ಟಿತ್ತು. ಆದರೆ ಕಾರ್ಖಾನೆಗಳ ಪಾಲಿನದನ್ನು 2019ರ ಅಕ್ಟೋಬರಿನಿಂದ ಸರ್ಕಾರವೇ ಹೊತ್ತುಕೊಂಡಿತು. ಎಣ್ಣೆ ಬಿಟ್ಟು ಬೇರೆ ಉದ್ಯಮ ಬೆಳೆಯಬೇಕು ಅನ್ನುವುದು ವಿಷನ್‌ನಲ್ಲೇ ಇದೆ. ಕಾರ್ಖಾನೆಯಲ್ಲಿದ್ದ ನನ್ನ ಕೆಲಸ ಉಳಿಯಿತು. ಬಟ್ಟೆ ಅಂಗಡಿಯಲ್ಲಿದ್ದ ಹರಿಹರದ ಗೆಳೆಯ ಖುರೂಜ್, ಅಂದರೆ ದೇಶ ಬಿಟ್ಟು ಹೋಗುವ ಕೊನೆಯ ವೀಸಾ, ಹೊಡೆಸಿಕೊಂಡು ಊರಿಗೆ ಬಂದ.

ಇನ್ನೊಂದು ಮಾತು. ಅದನ್ನು ನೆನೆದರೆ ಇವತ್ತಿಗೂ ನೋವಾಗುತ್ತದೆ. 2018ರ ಜೂನ್ 24ಕ್ಕೆ ಅಲ್ಲಿ ಹೆಂಗಸರು ಕಾರು ಓಡಿಸಬಹುದು ಅಂತಾಯಿತು. ಒಳ್ಳೆಯ ಬದಲಾವಣೆ. ಆದರೆ ಅದಕ್ಕಾಗಿ ವರ್ಷಗಟ್ಟಲೆ ದನಿ ಎತ್ತಿದ್ದ ಕೆಲವು ಹೆಂಗಸರನ್ನು ಹಿಂದಿನ ತಿಂಗಳೇ ಬಂಧಿಸಿದ್ದರು. ಮೇಲಿನಿಂದ ಕೊಟ್ಟಾಗ ಪಡೆಯಬಹುದು, ಕೆಳಗಿನಿಂದ ಗುಂಪು ಕಟ್ಟಿ ಕೇಳುವಂತಿಲ್ಲ. ಅಲ್ಲಿನ ಪ್ರಜೆಗಳಿಗೇ ಹೀಗಾದರೆ ನಮ್ಮ ಪಾಡು ಯೋಚಿಸಿ. ಕಾರ್ಮಿಕ ಸಂಘ ಕಟ್ಟುವ ಹಾಗಿಲ್ಲ. ಮೆರವಣಿಗೆ ಮಾಡುವ ಹಾಗಿಲ್ಲ. ಸರ್ಕಾರದ ಬಗ್ಗೆ ವಾಟ್ಸಾಪಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸಬೇಡಿ. ದುಗ್ಗಮ್ಮನ ಜಾತ್ರೆಗೆ ಪಟ್ಟಿ ಎತ್ತಿದ ಹಾಗೆ ಅಲ್ಲಿ ಪರವಾನಗಿ ಇಲ್ಲದೆ ದುಡ್ಡು ಕೂಡಿಸಬೇಡಿ. ಸತ್ತ ಗೆಳೆಯನ ಮನೆಯವರಿಗೆ ಅಂತಿದ್ದರೂ ಮೊದಲು ನಮ್ಮ ರಾಯಭಾರ ಕಚೇರಿಯನ್ನು ಕೇಳಿ.

ಓಟು ಇದ್ದ ಕಡೆ ನಮಗೆ ಹಗುರ ಅಂತ ತಿಳಿಯಬೇಡಿ. ಪಕ್ಕದ ಕುವೈತ್‌ನಲ್ಲಿ ಜನ ಆರಿಸಿದ 50 ಸದಸ್ಯರ ಸಂಸತ್ತು ಇತ್ತು. ಭಾರತೀಯರು ಅಲ್ಲಿನ ಜನಸಂಖ್ಯೆಯ ಶೇ 15 ಮೀರಬಾರದು ಅನ್ನುವ ಮಸೂದೆ 2020ರಲ್ಲಿ ಚರ್ಚೆಯಾದದ್ದು ಆ ಸಂಸತ್ತಿನಲ್ಲೇ. 2024ರ ಮೇ ತಿಂಗಳಲ್ಲಿ ಅಮೀರರು ಅದನ್ನೇ ವಿಸರ್ಜಿಸಿದರು. ಸ್ವಲ್ಪ ಓಟು, ಸ್ವಲ್ಪ ಅರಮನೆ ಇರುವ ದೇಶಗಳಲ್ಲಿ ಎರಡೂ ಕಡೆ ಕಿವಿ ಇಟ್ಟಿರಬೇಕು.

ಮುಂದೆ ಏನು ಬರುತ್ತದೆ ಅಂತ ತಿಳಿಯುವುದು ಹೇಗೆ? ಡಿಸೆಂಬರಿನಲ್ಲಿ ಬಜೆಟ್ ಹೇಳಿಕೆ ಬಂದಾಗ ವಿದೇಶಿಗರು, ಶುಲ್ಕ, ವ್ಯಾಟ್ ಅನ್ನುವ ಪದಗಳನ್ನಾದರೂ ಹುಡುಕಿ ಓದಿ. ಕರಡು ನಿಯಮಗಳನ್ನು ಇಸ್ತಿತ್ಲಾ ಅನ್ನುವ ಸರ್ಕಾರಿ ತಾಣದಲ್ಲಿ ಅಭಿಪ್ರಾಯಕ್ಕೆ ಇಡುತ್ತಾರೆ. ಜಾರಿಯಾದ ಆದೇಶಗಳು ಉಮ್ಮುಲ್ ಖುರಾ ಅನ್ನುವ ಸರ್ಕಾರಿ ಗೆಜೆಟ್‌ನಲ್ಲಿ ಬರುತ್ತವೆ. ಅರೇಬಿಕ್ ಬರದಿದ್ದರೆ ಮೊಬೈಲಿನ ಅನುವಾದ ಸಾಕು. ಎಣ್ಣೆ ಬೆಲೆಯ ಮೇಲೂ ಕಣ್ಣಿರಲಿ. 2020ರಲ್ಲಿ ಬೆಲೆ ಕುಸಿದಾಗ ವ್ಯಾಟ್ ಶೇ 5ರಿಂದ 15ಕ್ಕೆ ಏರಿತು. ಮೇ ತಿಂಗಳಲ್ಲಿ ಹೇಳಿದರು, ಜುಲೈ 1ಕ್ಕೆ ಜಾರಿ.

ಒಬ್ಬೊಬ್ಬರಾಗಿ ದೂರು ಕೊಡುವ ದಾರಿ ಮಾತ್ರ ತೆರೆದಿದೆ, ಅದನ್ನು ಬಳಸಿಕೊಳ್ಳಿ. ಸಂಬಳ ಬಾಕಿ ಇದ್ದರೆ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು, ಅಲ್ಲಿ ಮೊದಲು ಸಂಧಾನ, ಆಗದಿದ್ದರೆ ಕಾರ್ಮಿಕ ನ್ಯಾಯಾಲಯ. ಕೆಲಸ ಬಿಟ್ಟ 12 ತಿಂಗಳ ಒಳಗೆ ದೂರು ಹೋಗಬೇಕು. ಸಿಟ್ಟಿನಲ್ಲಿ ಕೆಲಸದ ಜಾಗ ಬಿಟ್ಟು ಹೋಗಬೇಡಿ, ಮಾಲೀಕ ಹುರೂಬ್, ಅಂದರೆ ಕೆಲಸ ಬಿಟ್ಟು ನಾಪತ್ತೆ ಅನ್ನುವ ದೂರು, ಹಾಕಿದರೆ ನೀವೇ ಓಡಿಹೋದವರಾಗುತ್ತೀರಿ. 2021ರ ಮಾರ್ಚ್ 14ರಿಂದ ಒಂದು ವರ್ಷದ ಕರಾರು ಮುಗಿಸಿದವರು ಕಫೀಲನ, ಅಂದರೆ ವೀಸಾ ಕೊಟ್ಟ ಮಾಲೀಕನ, ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಬಹುದು. ಆದರೆ ಮನೆಕೆಲಸದವರು, ಮನೆ ಡ್ರೈವರ್, ತೋಟದವರು, ಕುರಿ ಕಾಯುವವರು ಆ ಸುಧಾರಣೆಯ ಹೊರಗೆ. ನಮ್ಮ ಕಡೆಯ ಬಡ ಹುಡುಗರಿಗೆ ಏಜೆಂಟರು ಹೆಚ್ಚಾಗಿ ತೋರಿಸುವುದು ಇವೇ ವೀಸಾಗಳನ್ನು. ವೀಸಾ ಮೇಲೆ ಬರೆದ ಹುದ್ದೆ ಯಾವುದು ಅಂತ ಅರೇಬಿಕ್ ಗೊತ್ತಿರುವವರಿಂದ ಓದಿಸಿಕೊಳ್ಳಿ.

ಸಂಸಾರ ಕರೆದುಕೊಂಡು ಹೋಗುವವರು ಕರಾರಿನಲ್ಲಿ ಒಂದು ಸಾಲು ಸೇರಿಸಲು ಕೇಳಿ: ಹೆಂಡತಿ ಮಕ್ಕಳ ಶುಲ್ಕ ಯಾರು ಕಟ್ಟುತ್ತಾರೆ, ಅದು ಏರಿದರೆ ಏರಿದ್ದನ್ನು ಯಾರು ಕಟ್ಟುತ್ತಾರೆ. ಸಹಿ ಹಾಕುವ ಮೊದಲು ಆ ಕಾಗದ ತಗೊಂಡು ನಮ್ಮ ಮನೆಗೆ ಬನ್ನಿ, ಕೂತು ಓದೋಣ.