‘ಜಿಯೋವಾನಿಸ್ ರೂಮ್’ ಕಾದಂಬರಿಯಲ್ಲಿ ನಿರಾಕರಣೆಯನ್ನು ಗುರುತಿಸುವ ಬಗೆ

ಜೇಮ್ಸ್ ಬಾಲ್ಡ್ವಿನ್ 1956ರಲ್ಲಿ ಪ್ರಕಟಿಸಿದ ಈ ಕಾದಂಬರಿಯನ್ನು ಓದುವಾಗ, ಕಥೆ ಹೇಳುವ ಡೇವಿಡ್‌ನ ಮಾತನ್ನು ಹಾಗೆಯೇ ನಂಬದೆ, ಅವನು ಹೇಳುವುದನ್ನೂ ಮಾಡುವುದನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಹದಿಹರೆಯದಲ್ಲಿ ಗೆಳೆಯ ಜೋಯಿಯೊಡನೆ ಒಂದು ರಾತ್ರಿ ಕಳೆದು ಅವನಿಂದ ದೂರ ಸರಿದವನೇ, ಮುಂದೆ ಪ್ಯಾರಿಸ್‌ನಲ್ಲಿ ಜಿಯೋವಾನಿಯನ್ನು ಪ್ರೀತಿಸಿ, ತಾನು ಮದುವೆಯಾಗಬೇಕೆಂದಿದ್ದ ಹೆಲ್ಲಾ ಸ್ಪೇನಿನಿಂದ ಮರಳಿದೊಡನೆ ಅವನನ್ನೂ ತೊರೆಯುತ್ತಾನೆ. ಗಂಡಸರ ಮೇಲಿನ ತನ್ನ ಪ್ರೀತಿಯನ್ನು ಅವನು ನಿರಾಕರಿಸುವ ಬಗೆ ತಿಳಿಯಲು ಈ ಎರಡು ಪ್ರಸಂಗಗಳನ್ನು ಅಕ್ಕಪಕ್ಕ ಇಟ್ಟೇ ಓದಬೇಕು.

ಜಿಯೋವಾನಿಯ ಕೋಣೆಯ ವರ್ಣನೆಯ ಬಳಿ ಮಾತ್ರ ಅವಸರ ಬೇಡ. ಹೊರಗಿನವರ ಕಣ್ಣಿಗೆ ಬೀಳದಂತೆ ಕಿಟಕಿಯ ಗಾಜಿಗೆ ದಪ್ಪನಾಗಿ ಬಳಿದ ಬಿಳಿ ಲೇಪ, ಅರ್ಧಕ್ಕೆ ಕಿತ್ತುಹೋದ ಗೋಡೆಕಾಗದ, ಎಲ್ಲೆಂದರಲ್ಲಿ ಬಿದ್ದ ಸಾಮಾನು: ಸಮಾಜ ಹೊರಗಿಟ್ಟವರ ಆಸರೆ ಅವರ ಉಸಿರುಗಟ್ಟಿಸುವ ಸೆರೆಯೂ ಆಗುವ ಬಗೆ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಡೇವಿಡ್‌ನನ್ನು ಹೇಡಿಯೆಂದು ತಳ್ಳಿಹಾಕುವುದು ಸುಲಭ. ಅದು ಅವಸರದ ಓದು ಎಂದೇ ನನ್ನ ಭಾವನೆ. ಅವನ ತಂದೆ ಬಯಸಿದ ‘ಗಂಡಸುತನ’ ಅವನೊಳಗೆ ಹೇಗೆ ಭಯವಾಗಿ ನೆಲೆಸಿತೆಂಬುದನ್ನು ಮೊದಲ ಅಧ್ಯಾಯದಲ್ಲೇ ಹುಡುಕಿ. ಕೊನೆಯ ಪುಟದಲ್ಲಿ ಅವನು ಹರಿದೆಸೆದ ಪತ್ರದ ಚೂರುಗಳನ್ನು ಗಾಳಿ ಅವನ ಮೇಲೆಯೇ ತಂದೆರಚುವಲ್ಲಿ ನಿಂತು, ಬರೆದಿಟ್ಟುಕೊಂಡದ್ದನ್ನು ಮತ್ತೊಮ್ಮೆ ತೆರೆದು ನೋಡಿ.