ಗುರು, ಸೂರ್ಯ ತಿರುಗುವ ಹೊತ್ತನ್ನು ನಾನೇ ಅಳೆದ ಬಗೆ

ಗುರುಗ್ರಹ ತನ್ನ ಸುತ್ತ ಒಂದು ಸಲ ತಿರುಗಲು 9 ಗಂಟೆ 55 ನಿಮಿಷ ಬೇಕು. ಸೂರ್ಯನಿಗೆ ಸುಮಾರು 25 ದಿನ. ಪುಸ್ತಕಗಳಲ್ಲಿ ಓದಿ ಓದಿ ಬಾಯಿಪಾಠ ಆಗಿದ್ದ ಅಂಕಿಗಳಿವು. ನಾವೇ ಅಳೆದರೂ ಇಷ್ಟೇ ಬರುತ್ತಾ ಅಂತ ನೋಡುವ ಆಸೆ ನನಗೆ.

ಗುರುವಿನಿಂದ ಶುರು ಮಾಡಿದೆ. 6 ಇಂಚಿನ ಟೆಲಿಸ್ಕೋಪಿನಲ್ಲಿ, ಗಾಳಿ ಶಾಂತವಾಗಿದ್ದ ರಾತ್ರಿ, ಗುರುವಿನ ಮೇಲಿನ ದೊಡ್ಡ ಬಿರುಗಾಳಿಯಾದ ಕೆಂಪು ಮಚ್ಚೆ ಕಾಣುತ್ತದೆ. ಕೆಂಪು ಅನ್ನುವುದು ಹೆಸರಿಗೆ ಮಾತ್ರ. ಕಣ್ಣಿಗೆ ಕಾಣುವುದು ಮಂಕಾದ ಕಿತ್ತಳೆ ಬಣ್ಣ. ಅದು ಗ್ರಹದ ನಟ್ಟನಡುವೆ ಬರುವ ಹೊತ್ತನ್ನು ಬರೆದುಕೊಳ್ಳಬೇಕು. ಇಲ್ಲಿ ಐದು ನಿಮಿಷ ಆಚೀಚೆ ಆಗೇ ಆಗುತ್ತದೆ. ಅದಕ್ಕೇ ನಾನು ಮೂರು ಹೊತ್ತು ಬರೆಯುತ್ತೇನೆ: ಇನ್ನೂ ನಡುವಿಗೆ ಬಂದಿಲ್ಲ ಅನಿಸಿದಾಗ, ಬಂತು ಅನಿಸಿದಾಗ, ದಾಟಿತು ಅಂತ ಖಾತ್ರಿಯಾದಾಗ.

ಎರಡು ರಾತ್ರಿ ಬಿಟ್ಟು ನೋಡಿದರೆ ಮಚ್ಚೆ ಸುಮಾರು 1 ಗಂಟೆ 38 ನಿಮಿಷ ತಡವಾಗಿ ನಡುವಿಗೆ ಬರುತ್ತದೆ. ಅಷ್ಟರಲ್ಲಿ ಗುರು ಐದು ಸುತ್ತು ತಿರುಗಿರುತ್ತದೆ. ಒಟ್ಟು ಹೊತ್ತನ್ನು ಐದರಿಂದ ಭಾಗಿಸಿದರೆ ಒಂದು ಸುತ್ತಿನ ಲೆಕ್ಕ ಸಿಕ್ಕಿತು. ಎರಡೂ ಕಡೆ ಐದೈದು ನಿಮಿಷ ತಪ್ಪಿದರೂ ಉತ್ತರ ಎರಡು ನಿಮಿಷಕ್ಕಿಂತ ಜಾಸ್ತಿ ಕೆಡುವುದಿಲ್ಲ. ಎರಡು ತಿಂಗಳು ಬಿಟ್ಟು, 150 ಸುತ್ತು ಆದಮೇಲೆ ನೋಡಿದರೆ ಅದೇ ಹತ್ತು ನಿಮಿಷದ ತಪ್ಪು ಸುತ್ತಿಗೆ 4 ಸೆಕೆಂಡಿಗೆ ಇಳಿಯುತ್ತದೆ! ದುಬಾರಿ ಟೆಲಿಸ್ಕೋಪಿಗಿಂತ ತಾಳ್ಮೆಯೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. 1665ರಲ್ಲಿ ಖಗೋಳಶಾಸ್ತ್ರಜ್ಞ ಕ್ಯಾಸಿನಿ ಕೂಡ ಹೀಗೇ ಗುರುವಿನ ಮೇಲಿನ ಒಂದು ಕಲೆಯನ್ನು ಹಿಂಬಾಲಿಸಿ 9 ಗಂಟೆ 56 ನಿಮಿಷ ಎಂದು ಲೆಕ್ಕ ಹಾಕಿದ್ದ.

ಒಂದು ತಕರಾರು ಇದೆ. ಗುರು ಗಟ್ಟಿ ಗೋಲವಲ್ಲ. ಸಮಭಾಜಕದ ಹತ್ತಿರದ ಮೋಡಗಳು ಸುಮಾರು ಐದು ನಿಮಿಷ ಮೊದಲೇ ಸುತ್ತು ಮುಗಿಸುತ್ತವೆ. ಮಚ್ಚೆಯೂ ಒಂದೇ ಕಡೆ ನಿಲ್ಲದೆ ನಿಧಾನವಾಗಿ ಜರುಗುತ್ತಿರುತ್ತದೆ. ಹಾಗಾಗಿ ನಾನು ಅಳೆದದ್ದು ಮಚ್ಚೆಯ ಸುತ್ತು. ಗುರುವಿನ ಒಳಗಿನ ಸುತ್ತು ತಿಳಿಯಬೇಕಾದರೆ ಅದರ ರೇಡಿಯೊ ಅಲೆಗಳನ್ನೇ ಹಿಡಿಯಬೇಕು.

ಸೂರ್ಯನ ವಿಷಯ ಬೇರೆ. ಟೆಲಿಸ್ಕೋಪಿನಲ್ಲಿ ನೇರವಾಗಿ ನೋಡುವ ಮಾತೇ ಇಲ್ಲ, ಕಣ್ಣು ಹೋಗುತ್ತದೆ. ಚಿಕ್ಕ ಲೆನ್ಸ್ ಟೆಲಿಸ್ಕೋಪಿನ ಹಿಂದೆ ಬಿಳಿ ಕಾಗದ ಹಿಡಿದು, 15 ಸೆಂ.ಮೀ. ಅಗಲದ ವೃತ್ತದಲ್ಲಿ ಬಿಂಬ ಸರಿಯಾಗಿ ಕೂರುವಂತೆ ಮಾಡಿದೆ. ಟೆಲಿಸ್ಕೋಪನ್ನು ಮುಟ್ಟದೆ ಬಿಟ್ಟರೆ ಬಿಂಬ ತಾನಾಗೇ ಜಾರುತ್ತದೆ. ಅದು ಜಾರುವ ಕಡೆಯೇ ಪಶ್ಚಿಮ. ಈ ಗುರುತು ಹಾಕದಿದ್ದರೆ ಮರುದಿನದ ಚಿತ್ರವನ್ನು ಹಿಂದಿನದರ ಜೊತೆ ಹೋಲಿಸಲು ಆಗುವುದೇ ಇಲ್ಲ.

ಲೆಕ್ಕ ಹೀಗೆ: ಬಿಂಬದ ನಡುವಿನಲ್ಲಿದ್ದ ಸೂರ್ಯಕಲೆ (ಸೂರ್ಯನ ಮೇಲೆ ಕಾಣುವ ಕಪ್ಪು ಚುಕ್ಕೆ) ನಾಲ್ಕು ದಿನಕ್ಕೆ 6 ಸೆಂ.ಮೀ. ಸರಿದಿದೆ ಅನ್ನಿ. ತ್ರಿಜ್ಯ 7.5. ಭಾಗಿಸಿದರೆ 0.8, ಅಂದರೆ ಸೈನ್ ಕೋಷ್ಟಕದಲ್ಲಿ 53 ಡಿಗ್ರಿ. ದಿನಕ್ಕೆ ಹದಿಮೂರು ಚಿಲ್ಲರೆ ಡಿಗ್ರಿಯಂತೆ ಪೂರ್ತಿ ಸುತ್ತಿಗೆ 27 ದಿನ. ಪುಸ್ತಕದ 25 ಎಲ್ಲಿ ಹೋಯಿತು? ಭೂಮಿಯೂ ಅದೇ ದಿಕ್ಕಿನಲ್ಲಿ ಮುಂದೆ ಸರಿದಿರುತ್ತದೆ ಅಲ್ವಾ, ಕಲೆ ನಮ್ಮನ್ನು ಮತ್ತೆ ಹಿಡಿಯಲು ಎರಡು ದಿನ ಜಾಸ್ತಿ ಬೇಕು. ಆ ಎರಡನ್ನು ಕಳೆದರೆ 25.

ಶುಕ್ರನ ಗೊಡವೆಗೆ ಹೋಗಲಿಲ್ಲ. ಮೋಡದ ಹೊದಿಕೆಯ ಕೆಳಗಿನ ನೆಲ ಕಾಣುವುದಿಲ್ಲ. ಅದರ 243 ದಿನದ ಉಲ್ಟಾ ಸುತ್ತು ಗೊತ್ತಾದದ್ದೇ 1960ರ ದಶಕದಲ್ಲಿ, ರೇಡಾರ್‌ನಿಂದ. ಈಗ ಮಂಗಳನನ್ನು ಹಿಡಿದಿದ್ದೇನೆ. ಅದರ ಸುತ್ತು 24 ಗಂಟೆ 37 ನಿಮಿಷ, ಹೆಚ್ಚುಕಮ್ಮಿ ನಮ್ಮದರಷ್ಟೇ. ಹಾಗಾಗಿ ದಿನಾ ಅದೇ ಹೊತ್ತಿಗೆ ನೋಡಿದರೆ ಹೆಚ್ಚುಕಮ್ಮಿ ಅದೇ ಮುಖ ಕಾಣುತ್ತದೆ. ಪೂರ್ತಿ ಗ್ರಹ ನೋಡಿ ಮುಗಿಸಲು ಐದಾರು ವಾರ ಹಿಡಿಯುತ್ತದೆ.