ಟ್ರೈಲರ್‌ಗೆ ಬೀಗ ಹಾಕಿದ್ದು ಹೀಗೆ

ಟ್ರ್ಯಾಕ್ಟರ್ ಮನೆ ಮುಂದೆ ನಿಲ್ಲುತ್ತದೆ, ಟ್ರೈಲರ್ ಮಾತ್ರ ಗದ್ದೆ ಹತ್ತಿರ. ಅದಕ್ಕೆ ಇಂಜಿನ್ನೂ ಇಲ್ಲ, ಕೀಯೂ ಇಲ್ಲ. ಕಳ್ಳ ಬೇರೆ ಟ್ರ್ಯಾಕ್ಟರ್ ತಂದು ಪಿನ್ ಹಾಕಿದರೆ ಮುಗೀತು, ಆರಾಮಾಗಿ ಎಳೆದುಕೊಂಡು ಹೋಗಬಹುದು. ಪಕ್ಕದೂರಲ್ಲಿ ಹಾಗೇ ಒಂದು ಹೋದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ವೆಲ್ಡಿಂಗ್ ಅಂಗಡಿಯಲ್ಲಿ ಪಿನ್ನಿನ ತೂತಿಗೆ ಸರಿಯಾಗಿ ಕೂರುವ ದಪ್ಪ ಕಬ್ಬಿಣದ ಗೂಟ ಮಾಡಿಸಿದೆ. ಮೇಲೆ ಅಗಲ ತಲೆ, ಕೆಳತುದಿಯಲ್ಲಿ ಬೀಗ. ಬೀಗದ ಸುತ್ತ ಪೈಪ್ ತುಂಡು ಬೆಸೆಸಿದ್ದೇನೆ, ಕಟರ್ ಬಾಯಿ ಒಳಗೆ ಹೋಗುವುದಿಲ್ಲ. ತೂತೇ ತುಂಬಿದ ಮೇಲೆ ಬೇರೆ ಪಿನ್ ಎಲ್ಲಿ ಹಾಕೋದು, ಅಲ್ವಾ? ಹಗ್ಗ ಕಟ್ಟಿ ಎಳೆಯಲು ನೋಡಿದರೂ ಆಗದಂತೆ ಚಕ್ರಕ್ಕೂ ಚಾಸಿಗೂ ಸೇರಿಸಿ ಸರಪಳಿ ಬಿಗಿದಿದ್ದೇನೆ.

ಟ್ರೈಲರ್‌ಗೆ ಆರ್‌ಸಿ ಬೇರೆಯೇ ಇರುತ್ತದೆ. ವಿಮೆಯಲ್ಲಿ ಅದೂ ಸೇರಿದೆಯಾ ನೋಡಿ, ಚಾಸಿ ನಂಬರಿನ ಫೋಟೋ ಫೋನಿನಲ್ಲಿರಲಿ.